ಹೊಸ್ತಿಲಾಚೆಯ ಸೊಪ್ಪು

ಅವ್ವ ಊರಿಂದ ಬಂದ ಮರುದಿನ ಬೆಳಿಗ್ಗೆಯೇ ನಾನು ಅವಳೆದುರು ಕಾನೂನು ಮಾತನಾಡಬೇಕಾಗಿ ಬಂತು. ರಾತ್ರಿ ಉಳಿದ ಅನ್ನಕ್ಕೆ ಸಾರಿನ ತಳ ಬೆರೆಸಿ, ತಟ್ಟೆ ಹಿಡಿದು ಹಿತ್ತಿಲ ಬಾಗಿಲು ತೆಗೆದಿದ್ದಳು. ಒಂಬತ್ತೂ ಕೋಳಿಗಳು ಆಗಲೇ ಅವಳ ಕಾಲಿಗೆ ತೊಡರಿಕೊಳ್ಳುತ್ತಿದ್ದವು. “ಅವ್ವ, ಹಾಕಬೇಡ. ಇಲ್ಲಿ ಅದು ಅಪರಾಧ” ಎಂದೆ.

“ಕೋಳಿಗೆ ಅನ್ನ ಹಾಕುವುದೇ? ಹಾಗಾದರೆ ಇದನ್ನು ಎಲ್ಲಿಗೆ ಹಾಕಲಿ?”

ಕಸದ ಡಬ್ಬಿ ತೋರಿಸಿದೆ. ಅವಳು ಡಬ್ಬಿಯನ್ನೂ ನನ್ನನ್ನೂ ಒಂದೇ ನೋಟದಲ್ಲಿ ಅಳೆದಳು.

ನಾನಿರುವುದು ಇಂಗ್ಲೆಂಡಿನ ಉತ್ತರದ ನಾರ್ತಂಬರ್ಲೆಂಡ್‌ನಲ್ಲಿ, ಹೆಕ್ಸಮ್ ಊರಿನ ಹೊರಗೆ. ವಾರದ ದಿನಗಳಲ್ಲಿ ನ್ಯೂಕಾಸಲ್‌ನಲ್ಲಿ ಕಚೇರಿ. ಉಳಿದ ಹೊತ್ತು ಎರಡು ಎಕರೆ ಹುಲ್ಲು, ಐದು ಚೆವಿಯಟ್ ಕುರಿ ಮತ್ತು ಈ ಕೋಳಿಗಳು. ಇಲ್ಲಿಯವರು ಇದನ್ನು ಹವ್ಯಾಸ ಎನ್ನುತ್ತಾರೆ. ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಕುರಿ ಸಾಕುವುದನ್ನು ಹವ್ಯಾಸ ಎಂದರೆ ಹಣೆ ಮುಟ್ಟಿ ನೋಡಿಯಾರು. ಬಂಡೂರು ಕುರಿಯ ಸೀಮೆ ಅದು. ಅಲ್ಲಿ ಟಗರು ಎಂದರೆ ಕೊಟ್ಟಿಗೆಯಲ್ಲಿ ಕಟ್ಟಿಟ್ಟ ದುಡ್ಡು. ನನ್ನ ಪಿಯುಸಿ ಶುಲ್ಕ ನಾಲ್ಕು ಕಾಲಿನ ಮೇಲೆ ಸಂತೆಗೆ ನಡೆದು ಹೋದದ್ದನ್ನು ನಾನೇ ನೋಡಿದ್ದೇನೆ. ಇಲ್ಲಿ ಕುರಿಗಳೇ ನನ್ನ ಸಂಬಳ ಮೇಯುತ್ತವೆ. ಉಣ್ಣೆ ಮಾರಿ ಬರುವುದಕ್ಕಿಂತ ಕತ್ತರಿಸುವವನ ಕೂಲಿ ಹೆಚ್ಚು. ಹೋದ ವರ್ಷದ ಉಣ್ಣೆಯೆಲ್ಲ ಆಲೂಗೆಡ್ಡೆ ಪಾತಿಗೆ ಹೊದಿಕೆಯಾಯಿತು. ಕಂಬಳಿ ನೇಯುವವರು ಕಂಡಿದ್ದರೆ ಬಾಯಿಗೆ ಬಂದಂತೆ ಬೈಯುತ್ತಿದ್ದರು.

ಹವ್ಯಾಸವೆಂದು ಕಾಗದಪತ್ರಕ್ಕೇನೂ ವಿನಾಯಿತಿ ಇಲ್ಲ. ಒಂದೇ ಕುರಿ ತರುವುದಿದ್ದರೂ ಮೊದಲು ಜಮೀನಿಗೊಂದು ಸಂಖ್ಯೆ, ಆಮೇಲೆ ಮಂದೆಗೊಂದು ಸಂಖ್ಯೆ. ಮರಿಗಾಗಿ ಉಳಿಸಿಕೊಳ್ಳುವ ಕುರಿಯ ಎರಡೂ ಕಿವಿಗೆ ಬಿಲ್ಲೆ, ಅದರಲ್ಲೊಂದು ಎಲೆಕ್ಟ್ರಾನಿಕ್. ಹೊಸ ಕುರಿಯೊಂದು ಬಂದಿತೆಂದರೆ ಆರು ದಿನ ಉಳಿದವನ್ನು ಕಸಾಯಿಖಾನೆಗಲ್ಲದೆ ಬೇರೆಡೆಗೆ ಸಾಗಿಸುವುದು ಕಷ್ಟ. ಪ್ರತಿ ಡಿಸೆಂಬರ್ 1ಕ್ಕೆ ಎಷ್ಟು ತಲೆ ಎಂದು ಲೆಕ್ಕ ಬರೆಯಬೇಕು. 2024ರ ಅಕ್ಟೋಬರ್ 1ರಿಂದ ಒಂದೇ ಒಂದು ಕೋಳಿ ಇದ್ದರೂ ನೋಂದಣಿ ಕಡ್ಡಾಯ. ನಮ್ಮಜ್ಜ ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡುವಾಗ ಎಣಿಸುತ್ತಲೇ ಇರಲಿಲ್ಲ, ದೃಷ್ಟಿಯಾಗುತ್ತದೆಂದು. ಸುಮ್ಮನೆ ನಿಂತು ನೋಡಿ, “ಕಿವಿಹರುಕಿ ಬಂದಿಲ್ಲ” ಎನ್ನುತ್ತಿದ್ದ. ಅವನಿಗೂ ಗುರುತು ಕಿವಿಯಲ್ಲೇ ಇತ್ತು, ಬಿಲ್ಲೆ ಇರಲಿಲ್ಲ ಅಷ್ಟೆ. (ಉತ್ತರ ಇಂಗ್ಲೆಂಡಿನ ಹಳೆಯ ಕುರಿಗಾಹಿಗಳು ‘ಯಾನ್, ಟಾನ್, ಟೆದೆರಾ’ ಎಂದು ಕುರಿಗಳಿಗೆಂದೇ ಬೇರೊಂದು ಎಣಿಕೆ ಇಟ್ಟುಕೊಂಡಿದ್ದರು. ಕಣದಲ್ಲಿ ಮೊದಲ ಕೊಳಗವನ್ನು ಒಂದು ಎನ್ನದೆ ‘ಲಾಭ’ ಎನ್ನುವ ನಮಗೆ ಇದು ಅರ್ಥವಾಗಬೇಕು.)

ಕಳೆದ ಫೆಬ್ರವರಿಯಲ್ಲಿ ಒಂದು ಮುದಿ ಕುರಿ ಸತ್ತಿತು. ಹೂಳುವಂತಿಲ್ಲ, ಪರವಾನಗಿ ಇರುವವರ ಲಾರಿ ಬಂದು ಒಯ್ಯಬೇಕು, ಅದಕ್ಕೆ ನಾನೇ ದುಡ್ಡು ತೆರಬೇಕು. ಫೋನಿನಲ್ಲಿ ಕೇಳಿದ ಅವ್ವ, “ನಿನ್ನ ಜಮೀನಿನಲ್ಲೇ ನಿನ್ನ ಕುರಿಗೆ ಆರಡಿ ಮೂರಡಿ ಇಲ್ಲವೇನಪ್ಪ?” ಎಂದಿದ್ದಳು. ಉತ್ತರ ಹೊಳೆಯಲಿಲ್ಲ.

ಇದನ್ನೆಲ್ಲ ನಾನು ಗೊಣಗುತ್ತಲೇ ಮಾಡುತ್ತಿದ್ದೆ, ಪಕ್ಕದ ಜಮೀನಿನ ಮುದುಕ 2001ರ ವಿಷಯ ಹೇಳುವವರೆಗೆ. ಆ ಫೆಬ್ರವರಿಯಲ್ಲಿ ಬ್ರಿಟನ್ನಿಗೆ ಕಾಲುಬಾಯಿ ಜ್ವರ ಬಂತು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿಯ ಹೆಡನ್-ಆನ್-ದಿ-ವಾಲ್ ಎಂಬ ಹಳ್ಳಿ, ಅಲ್ಲಿನ ಒಂದು ಹಂದಿ ಫಾರ್ಮ್. ಸರಿಯಾಗಿ ಕುದಿಸದ ಮುಸುರೆಯನ್ನು ಹಂದಿಗಳಿಗೆ ಹಾಕಿದ್ದೇ ಮೂಲವಿರಬೇಕೆಂದು ತೀರ್ಮಾನವಾಯಿತು. ಗೊತ್ತಾಗುವ ಹೊತ್ತಿಗೆ ಸಂತೆಯಿಂದ ಸಂತೆಗೆ ಸಾಗಿದ ಕುರಿಗಳ ಜತೆ ರೋಗ ದೇಶವೆಲ್ಲ ಸುತ್ತಿತ್ತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಸಾರ್ವತ್ರಿಕ ಚುನಾವಣೆಯೇ ಒಂದು ತಿಂಗಳು ಮುಂದಕ್ಕೆ ಹೋಯಿತು. ಮುದುಕನ ಮಂದೆಯೂ ಅದರಲ್ಲಿ ಹೋಯಿತು. ಅವನು ಹೇಳಿದ್ದು ಸುಡುವ ಹೊಗೆಯ ಮಾತಲ್ಲ. ಕುರಿಗಳು ಮರಿ ಹಾಕುವ ಏಪ್ರಿಲ್‌ನಲ್ಲಿ ಇಡೀ ಕಣಿವೆಯಲ್ಲಿ ಒಂದು ‘ಬ್ಯಾ’ ಕೂಡ ಕೇಳಿಸಲಿಲ್ಲ, ರಾತ್ರಿ ಎಚ್ಚರವಾದರೆ ಅದೇ ಸದ್ದು ಎಂದ. ಸದ್ದಿಲ್ಲದ್ದನ್ನು ಅವನು ಸದ್ದು ಎಂದದ್ದು ನನಗೆ ಇನ್ನೂ ಮರೆತಿಲ್ಲ.

ನಾಲ್ಕು ಕೋಳಿ ಸಾಕುವವನಿಂದ ಯಾರಿಗೇನು ಕೇಡು ಎಂಬುದು ನಮ್ಮ ಕಡೆಯ ವಾದ. ನನ್ನದೂ ಅದೇ ಆಗಿತ್ತು. ಆದರೆ ನಮ್ಮ ಕೇರಿಯಲ್ಲಿ ಕೊಕ್ಕರೆ ರೋಗ ಬಂದಾಗ ಏನು ಮಾಡುತ್ತಿದ್ದೆವು? ಒಂದು ಮನೆಯ ಕೋಳಿ ತೂಕಡಿಸತೊಡಗಿದರೆ ಸಾಕು, ಉಳಿದವರೆಲ್ಲ ತಮ್ಮ ಕೋಳಿಗಳ ಕಾಲು ಕಟ್ಟಿ ಸಂತೆಗೆ ಸಾಗಿಸುತ್ತಿದ್ದರು. ಅದನ್ನು ಜಾಣತನ ಎನ್ನುತ್ತಿದ್ದೆವು. ಸಂತೆಯಿಂದ ಅದು ಎಷ್ಟು ಕೇರಿಗೆ ಹೋಯಿತೋ ಯಾರೂ ಬರೆದಿಡಲಿಲ್ಲ. ರಾಣಿಖೇತ್ ಎಂದೂ ನಾವು ಕರೆಯುವ ಆ ರೋಗಕ್ಕೆ ಇಂಗ್ಲಿಷರು ಇಟ್ಟ ಹೆಸರು ನಾನು ದಿನಾ ಕೆಲಸಕ್ಕೆ ಹೋಗುವ ಊರಿನದು: 1926ರಲ್ಲಿ ಅದು ನ್ಯೂಕಾಸಲ್‌ನಲ್ಲಿ ಕಾಣಿಸಿಕೊಂಡಿತ್ತು. ಹಾಗಾಗಿ ಬಿಲ್ಲೆ, ನೋಂದಣಿ, ಆರು ದಿನದ ತಡೆ ಇವಕ್ಕೆ ನನ್ನ ತಕರಾರು ಈಗಿಲ್ಲ. ಊರಲ್ಲಿ ಅವ್ವನ ಹಸುವಿನ ಕಿವಿಗೂ 12 ಅಂಕಿಯ ಹಳದಿ ಬಿಲ್ಲೆ ಬಿದ್ದಿದೆ. ಮೊದಲು ಬೈದುಕೊಂಡಳು, ಈಗ ಓಲೆ ಎನ್ನುತ್ತಾಳೆ.

ತಕರಾರು ಉಳಿದಿರುವುದು ಅನ್ನದ ವಿಷಯದಲ್ಲಿ. ಮನೆಯವರೇ ಉಂಡು ಉಳಿಸಿದ್ದು ಕಸದ ಡಬ್ಬಿಗೆ ಹೋಗುತ್ತದೆ. ಅದೇ ಕೋಳಿಗೆ ನಾನು ಚೀಲದಲ್ಲಿ ಕೊಂಡು ತರುವ ಆಹಾರದಲ್ಲಿ ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಬಂದ ಸೋಯಾ ಇರುತ್ತದೆ. ಇಷ್ಟೆಲ್ಲ ಲೆಕ್ಕ ಇಡಬಲ್ಲ ದೇಶಕ್ಕೆ ಒಂದು ಪಾತ್ರೆ ಮುಸುರೆಯನ್ನು ಹೀಗೆ ಕುದಿಸಿ ಹಾಕಿ ಎಂದು ಹೇಳಿಕೊಡಲು ಬರುವುದಿಲ್ಲವೆಂದರೆ ನಾನು ನಂಬುವುದಿಲ್ಲ. ಮುಸುರೆ ಬಾನಿ ಇಲ್ಲದ ಹಿತ್ತಿಲು ನನ್ನ ಕಣ್ಣಿಗೆ ಈಗಲೂ ಅರ್ಧ ಹಿತ್ತಿಲೇ.

ಅವ್ವನಿಗೆ ನಿಯಮವನ್ನು ಪೂರ್ತಿ ಓದಿ ಹೇಳಿದೆ. ಅಡುಗೆಮನೆಗೆ ಹೋಗಿ ಬಂದದ್ದು ಯಾವುದೂ ಕೋಳಿಗೆ ಸಲ್ಲದು.

“ಮಾಂಸ ಮಾಡದ ಮನೆಯಾದರೆ?”

“ಹಾಲು, ಮೊಸರು, ಮೊಟ್ಟೆ ಕೂಡ ಒಳಗೆ ಬರದ ಮನೆಯಾದರೆ ಹಾಕಬಹುದು.”

“ಕೋಳಿ ಸಾಕಿ, ಮೊಟ್ಟೆಯನ್ನು ಒಳಗೆ ತರದ ಮನೆಯೇ?” ಎಂದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ತೋಟದಿಂದ ಕಿತ್ತ ಸೊಪ್ಪು ಒಳಗೆ ಹೋಗದೇ ಇದ್ದರೆ?” ಎಂದಳು. ಅದಕ್ಕೆ ಅಡ್ಡಿಯಿಲ್ಲ ಎಂದೆ.

ಮರುದಿನದಿಂದ ಮಣೆ, ಚಾಕು, ಬುಟ್ಟಿ ಎಲ್ಲವೂ ಹಿತ್ತಿಲ ಮೆಟ್ಟಿಲಿಗೆ ಬಂದವು. ಜೂನ್ ತಿಂಗಳಾದರೂ ಜಿನುಗುಮಳೆ; ಸೀರೆಯ ಮೇಲೆ ನನ್ನ ಮಳೆಯಂಗಿ ತೊಟ್ಟು ಕುಳಿತು ಬೀಟ್ರೂಟ್ ಸೊಪ್ಪು ಸೋಸತೊಡಗಿದಳು. ಕೆಂಪು ದಂಟು ಮುರಿದಾಗಲೆಲ್ಲ ಕೋಳಿಗಳ ಕತ್ತು ಒಟ್ಟಿಗೆ ತಿರುಗುತ್ತಿತ್ತು. ಹಣ್ಣೆಲೆ, ಹುಳು ತಿಂದ ಎಲೆ, ದಪ್ಪ ದಂಟು ಎಲ್ಲ ಅವಕ್ಕೆ. ಬುಟ್ಟಿ ಎತ್ತಿಕೊಂಡು ಎದ್ದವಳು ಹೊಸ್ತಿಲ ಮುಂದೆ ನಿಂತಳು. ಒಂದು ಕಾಲು ಒಳಗಿಡುವ ಮೊದಲು, ಚೆನ್ನಾಗಿದ್ದ ಸೊಪ್ಪಿನಲ್ಲೇ ಇನ್ನೊಂದು ಹಿಡಿ ತೆಗೆದು ಹಿಂದಕ್ಕೆ ಎಸೆದಳು.