ಪರೀಕ್ಷೆಗೆ ಮೊದಲೇ ಹೇಳಿ, ಹೆಂಗಸಿಗೇ ಹೇಳಿ

ನಾನಿರುವ ಇಂಗ್ಲೆಂಡಿನಲ್ಲಿ 25ರಿಂದ 64 ವರ್ಷದ ಹೆಂಗಸರಿಗೆಲ್ಲ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ತಪಾಸಣೆಗೆ ಬನ್ನಿ ಅಂತ ಕರೆ ಬರುತ್ತದೆ. ಏನಾದರೂ ವ್ಯತ್ಯಾಸ ಕಂಡರೆ ಕಾಲ್ಪೊಸ್ಕೋಪಿಗೆ, ಅಂದರೆ ಆ ಜಾಗವನ್ನು ದುರ್ಬೀನಿನಲ್ಲಿ ಹತ್ತಿರದಿಂದ ನೋಡುವ ಪರೀಕ್ಷೆಗೆ, ಬನ್ನಿ ಅಂತ ಇನ್ನೊಂದು ಕಾಗದ. ಏನು ಮಾಡುತ್ತಾರೆ, ಹಿಂದಿನ ದಿನ ಏನು ಮಾಡಬಾರದು, ಆಮೇಲೆ ಎಷ್ಟು ರಕ್ತ ಹೋದರೆ ಹೆದರಬೇಕು, ಎಲ್ಲವೂ ಅದರ ಜೊತೆಗೇ ಬರುತ್ತದೆ. ಅದು ಬರುವುದು ಹೆಂಗಸಿನ ಹೆಸರಿಗೆ.

ಕುಮಟಾದಲ್ಲಿರುವ ನನ್ನ ಅತ್ತಿಗೆಗೆ ಇದೇ ಪರೀಕ್ಷೆ ಬೇಕು ಅಂದಾಗ, ಡಾಕ್ಟರು ಹೇಳಿದ್ದು ಅಣ್ಣನಿಗೆ. "ದುರ್ಬೀನು ಹಾಕಿ ನೋಡಬೇಕು, ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ." ಅಷ್ಟೇ. ಅವಳು ರಾತ್ರಿ ಫೋನ್ ಮಾಡಿ, "ಎಂಗೆ ಕ್ಯಾನ್ಸರೇ ಆಯ್ದಾ ತಂಗಿ?" ಅಂತ ಅತ್ತಳು.

ಕಾಲ್ಪೊಸ್ಕೋಪಿಗೆ ಕಳಿಸಿದರು ಅಂದರೆ ಕ್ಯಾನ್ಸರ್ ಅಂತ ಅರ್ಥ ಅಲ್ಲ. ಹೆಚ್ಚಿನವರಿಗೆ ಇರುವುದಿಲ್ಲ. ಗರ್ಭಕಂಠದ ಜೀವಕೋಶಗಳಲ್ಲಿ ಏನೋ ಬದಲಾವಣೆ ಇರಬಹುದು, ಹತ್ತಿರದಿಂದ ನೋಡೋಣ ಅಂತ ಕಳಿಸುವುದು. ಆ ದುರ್ಬೀನೂ ಮೈಯೊಳಗೆ ಹೋಗುವುದಿಲ್ಲ, ಹೊರಗೇ ನಿಂತಿರುತ್ತದೆ. ಒಳಗೆ ಹೋಗುವುದು ದಾರಿ ಬಿಡಿಸಿ ಹಿಡಿಯುವ ಸ್ಪೆಕ್ಯುಲಂ ಮಾತ್ರ. ಆಮೇಲೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚುತ್ತಾರೆ. ವ್ಯತ್ಯಾಸ ಇರುವ ಜಾಗ ಬೆಳ್ಳಗಾಗುತ್ತದೆ. ಅಯೋಡಿನ್ ಹಚ್ಚಿದರೆ ಆರೋಗ್ಯದ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ಅನುಮಾನ ಬಂದ ಕಡೆ ಅಕ್ಕಿಕಾಳಿನಷ್ಟು ಚೂರು ತೆಗೆದು (ಇದೇ ಬಯಾಪ್ಸಿ) ಲ್ಯಾಬಿಗೆ ಕಳಿಸುತ್ತಾರೆ. ಎಲ್ಲ ಸೇರಿ ಹದಿನೈದು, ಇಪ್ಪತ್ತು ನಿಮಿಷ.

ನೋವಾಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ದ್ರಾವಣ ಸ್ವಲ್ಪ ಉರಿಯಬಹುದು. ಚೂರು ತೆಗೆಯುವಾಗ ಚಿವುಟಿದ ಹಾಗೆ ಆಗುತ್ತದೆ, ಮುಟ್ಟಿನ ಹೊಟ್ಟೆನೋವಿನಂಥದ್ದೂ ಬರಬಹುದು. ಕೆಲವರಿಗೆ ಜಾಸ್ತಿಯೇ ನೋಯುತ್ತದೆ. "ಸ್ವಲ್ಪ ನಿಲ್ಲಿಸಿ" ಅನ್ನುವ ಹಕ್ಕು ಮಲಗಿದವಳಿಗಿದೆ. ಇಲ್ಲಿ ನರ್ಸ್ ಅದನ್ನು ಮೊದಲೇ ಹೇಳುತ್ತಾರೆ. ನಮ್ಮೂರಲ್ಲಿ ಹಲ್ಲುಕಚ್ಚಿ ಸುಮ್ನೆ ಮಲಗಿರುವುದೇ ಒಳ್ಳೆ ಹೆಂಗಸಿನ ಲಕ್ಷಣ ಅಂದುಕೊಂಡಿದ್ದಾರೆ, ಅದು ನನಗೆ ಬಹಳ ಸಂಕಟ.

ಅತ್ತಿಗೆ ಬೆಳಿಗ್ಗೆ ಕತ್ತಲಲ್ಲೇ ಹೊರಟು ಅಷ್ಟು ದೂರ ಹೋದಳು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಒಳಗಿಡುವ ಮಾತ್ರೆ ಏನಾದರೂ ಇಟ್ಟಿದ್ದೀರಾ?" ಬಿಳಿ ಸ್ರಾವ ಹೋಗುತ್ತಿದೆ ಅಂತ ಮೊದಲಿನ ಡಾಕ್ಟರು ಕೊಟ್ಟ ಮಾತ್ರೆಯನ್ನು ಹಿಂದಿನ ರಾತ್ರಿ ಇಟ್ಟುಕೊಂಡಿದ್ದಳು. ಪರೀಕ್ಷೆ ಆಗಲಿಲ್ಲ. ಒಂದು ದಿನ ಮೊದಲಿಂದ ಒಳಗೆ ಔಷಧಿ ಇಡಬಾರದು, ಗಂಡನ ಜೊತೆ ಸೇರಬಾರದು ಅಂತ ಒಂದು ಚೀಟಿ ಬರೆದು ಕೊಟ್ಟಿದ್ದರೆ ಆ ಪ್ರಯಾಣ, ಖರ್ಚು, ಅವಳ ಕಣ್ಣೀರು ಎಲ್ಲ ಉಳಿಯುತ್ತಿತ್ತು. ಗರ್ಭಿಣಿ ಆಗಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ, ಮುಟ್ಟು ಜೋರಾಗಿದ್ದರೆ ಮೊದಲೇ ಫೋನ್ ಮಾಡಿ ತಿಳಿಸಬೇಕು. ಅದೂ ಅದೇ ಚೀಟಿಯಲ್ಲಿ ಹಿಡಿಯುತ್ತದೆ.

ಇಲ್ಲಿಯದೆಲ್ಲ ಚಂದ ಅಂತಲೂ ಅಲ್ಲ. ವರದಿಗೆ ವಾರಗಟ್ಟಲೆ ಕಾಯಬೇಕು. ಅತ್ತಿಗೆ ಮತ್ತೊಮ್ಮೆ ಹೋಗಿ ಪರೀಕ್ಷೆ ಮಾಡಿಸಿಕೊಂಡ ಮೇಲೆ ವರದಿ ಬೇಗ ಬಂತು, ನೋಡಿದ ಡಾಕ್ಟರಮ್ಮನ ಕೈ ಹಗುರ ಇತ್ತು ಅಂತ ಅವಳೇ ಹೇಳಿದಳು. ನಮ್ಮಲ್ಲೂ 30 ದಾಟಿದವರಿಗೆ ಆರೋಗ್ಯ ಕೇಂದ್ರದಲ್ಲೇ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮ ಇದೆ. ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಹೊನ್ನಾವರದವರು ಮಣಿಪಾಲಕ್ಕೆ ಓಡುವುದು ತಪ್ಪಬೇಕು, ನಿಜ. ದೊಡ್ಡ ಆಸ್ಪತ್ರೆಗಾಗಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಆದರೆ ಬಾಯಿಬಿಟ್ಟು ಹೇಳುವುದಕ್ಕೆ ಕಟ್ಟಡ ಬೇಕಾ?

ಮನೆಯಲ್ಲಿ ಏಳುವ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಬೇಕು: "ಇದು ಯಾರಿಂದ ಬಂತು?" ಈ ಬದಲಾವಣೆಗಳಿಗೆ ಹೆಚ್ಚಾಗಿ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್. ಹೆಚ್ಚಿನ ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ ತಗಲುವಂಥದ್ದು, ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಗಂಡ ಹೆಂಡಿರು ಒಬ್ಬರನ್ನೊಬ್ಬರು ಅನುಮಾನಿಸಲು ಇದು ಸಾಕ್ಷಿ ಅಲ್ಲ.

ಪರೀಕ್ಷೆ ಆದಮೇಲೆ ಕೆಲವು ದಿನ ಸ್ವಲ್ಪ ರಕ್ತ, ಕಪ್ಪಗಿನ ಸ್ರಾವ ಹೋಗುವುದು ಸಹಜ. ರಕ್ತ ಜೋರಾಗಿ ಹೋದರೆ, ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ವರದಿ ಬಂದಮೇಲೆ ಗಾಬರಿಯಲ್ಲಿ "ಗರ್ಭಕೋಶವನ್ನೇ ತೆಗೆಸಿಬಿಡಿ" ಅನ್ನುವ ಮಾತು ನಮ್ಮ ಕಡೆ ಸಲೀಸಾಗಿ ಬರುತ್ತದೆ. ವರದಿಯಲ್ಲಿ ಆ ಬದಲಾವಣೆಯ ಹಂತವನ್ನು ಸಿಐಎನ್ 1, 2, 3 ಅಂತ ಬರೆಯುತ್ತಾರೆ; ಕ್ಯಾನ್ಸರ್ ಅಲ್ಲ ಅದು. ಸಿಐಎನ್ 1 ಅಂತ ಬರೆದಿದ್ದರೆ ಅದು ಎಷ್ಟೋ ಸಲ ತಾನಾಗಿ ಹೋಗುತ್ತದೆ, ಆಗಾಗ ನೋಡಿಸಿಕೊಂಡರೆ ಸಾಕು. 2, 3 ಇದ್ದರೂ ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಚಿಕಿತ್ಸೆ. ಹಾಗಾಗಿ ವರದಿಯನ್ನು ನೀವೇ ಕೈಗೆ ತಗೊಳ್ಳಿ, ಯಾವ ಹಂತ ಅಂತ ಕೇಳಿ, ಮುಂದಿನ ತಪಾಸಣೆಯ ತಾರೀಖು ಅದರ ಮೇಲೇ ಬರೆಸಿಕೊಳ್ಳಿ. ಆಪರೇಷನ್ ಅಂದರೆ ಇನ್ನೊಬ್ಬ ಡಾಕ್ಟರಿಗೂ ತೋರಿಸಿ.