ನೈರೋಬಿಯ ಕಾಡು, ಬೆಂಗಳೂರಿನ ಬಸ್ಸು

ನೈರೋಬಿಗೆ ಬಂದ ಕನ್ನಡಿಗರು ಇಲ್ಲಿನ ಹವೆಯನ್ನು ಬೆಂಗಳೂರಿನ ಹವೆಗೆ ಹೋಲಿಸಿ ಸಮಾಧಾನಪಡುತ್ತಾರೆ. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್, ಅಂದರೆ ಬೆಂಗಳೂರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರದಲ್ಲಿರುವ ಈ ಊರಿನಲ್ಲಿ ಜುಲೈ ತಿಂಗಳ ಬೆಳಗ್ಗೆ ಸ್ವೆಟರ್ ಬೇಕಾಗುವುದು ನಿಜವೇ. ಆದರೆ ಎಲ್ಲರಿಗೂ ಸೇರಿದ ನೆಲವನ್ನು ಮತ್ತು ಜನರ ಓಡಾಟವನ್ನು ಈ ಎರಡು ನಗರಗಳು ಹೇಗೆ ನೋಡಿಕೊಂಡಿವೆ ಎಂಬ ಹೋಲಿಕೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ.

1899ರಲ್ಲಿ ಮೊಂಬಾಸಾದಿಂದ ಒಳನಾಡಿಗೆ ಸಾಗುತ್ತಿದ್ದ ರೈಲು ಮಾರ್ಗದ ಡಿಪೋ ಆಗಿ ಹುಟ್ಟಿದ ಊರು ಇದು. ಆ ಹಳಿ ಹಾಕಲು ಬ್ರಿಟಿಷರು ಭಾರತದಿಂದ 30,000ಕ್ಕೂ ಹೆಚ್ಚು ಕೂಲಿಗಳನ್ನು ಕರೆತಂದರು. ಇಲ್ಲಿ ನೆಲೆನಿಂತ ಏಷ್ಯಾ ಮೂಲದವರನ್ನು ಕೀನ್ಯಾ ಸರ್ಕಾರ 2017ರಲ್ಲಿ ದೇಶದ 44ನೆಯ ಬುಡಕಟ್ಟೆಂದು ಮಾನ್ಯ ಮಾಡಿತು. ಉದ್ಯೋಗದ ಕರಾರಿನ ಮೇಲೆ ಬಂದಿರುವ ನಮ್ಮಂಥವರು ಆ ಲೆಕ್ಕಕ್ಕೆ ಬರುವುದಿಲ್ಲ, ಬರಲೂಬಾರದು.

ನಗರದ ಉತ್ತರಕ್ಕಿರುವ, ಸುಮಾರು 1,000 ಹೆಕ್ಟೇರ್ ವಿಸ್ತಾರದ ಕರೂರ ಕಾಡು ಇಂದು ಉಳಿದಿರುವುದು ಜನರ ಹಟದಿಂದ. 1990ರ ದಶಕದ ಕೊನೆಯಲ್ಲಿ ಅದರ ಭಾಗಗಳು ಖಾಸಗಿ ಬಿಲ್ಡರ್‌ಗಳ ಪಾಲಾಗುತ್ತಿದ್ದಾಗ ಪರಿಸರ ಹೋರಾಟಗಾರ್ತಿ ವಂಗಾರಿ ಮಾತಾಯ್ ಮತ್ತು ಅವರ ಸಂಗಾತಿಗಳು ಅಲ್ಲಿ ಸಸಿ ನೆಡಲು ಹೋಗಿ, 1999ರ ಜನವರಿಯಲ್ಲಿ ಏಟು ತಿಂದರು. ಅದಕ್ಕೆ ಹತ್ತು ವರ್ಷ ಮೊದಲೇ, ಉಹುರು ಪಾರ್ಕಿನಲ್ಲಿ ಏಳಬೇಕಿದ್ದ 60 ಅಂತಸ್ತಿನ ಕಟ್ಟಡವನ್ನು ವಿರೋಧಿಸಿ ಆಕೆ ಗೆದ್ದಿದ್ದರು. ಸಂಪಂಗಿ ಕೆರೆಯನ್ನು ಕಂಠೀರವ ಕ್ರೀಡಾಂಗಣಕ್ಕೂ ಧರ್ಮಾಂಬುಧಿ ಕೆರೆಯನ್ನು ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೂ ಬಿಟ್ಟುಕೊಟ್ಟ ಊರಿನವನಾದ ನನಗೆ ಕರೂರದ ದಾರಿಗಳಲ್ಲಿ ನಡೆಯುವಾಗ ಅಸೂಯೆಯಾಗುತ್ತದೆ. ನೈರೋಬಿಯೂ ಎಲ್ಲ ಕಡೆ ಗೆದ್ದಿಲ್ಲವೆನ್ನಿ: 1946ರಲ್ಲಿ ಸ್ಥಾಪನೆಯಾದ ಇಲ್ಲಿನ ರಾಷ್ಟ್ರೀಯ ಉದ್ಯಾನದ ನಡುವೆ ಈಗ ರೈಲು ಸೇತುವೆ ಹಾದುಹೋಗಿದೆ.

ಓಡಾಟದ ವಿಷಯದಲ್ಲಿ ಮಾತ್ರ ನನ್ನ ಮತ ಬೆಂಗಳೂರಿಗೆ. ಇಲ್ಲಿನ ಬಹುಪಾಲು ಸಾರ್ವಜನಿಕ ಪ್ರಯಾಣ ನಡೆಯುವುದು ಮಟಾಟು ಎಂಬ ಖಾಸಗಿ ಮಿನಿಬಸ್ಸುಗಳಲ್ಲಿ. ಅವುಗಳ ಬಣ್ಣ, ಚಿತ್ತಾರ, ಸಂಗೀತಗಳನ್ನು ಪ್ರವಾಸಿಗರು ಕೊಂಡಾಡುತ್ತಾರೆ. ಮಳೆ ಬಂದೊಡನೆ ದರ ಏರುವ ಕಷ್ಟ ನಿತ್ಯ ಪ್ರಯಾಣಿಕರಿಗಷ್ಟೇ ಗೊತ್ತು. 2007ರಲ್ಲಿ ಆರಂಭವಾದ, ಮೊಬೈಲ್ ಮೂಲಕ ಹಣ ಕಳುಹಿಸುವ ಎಂ-ಪೆಸಾದಿಂದ ಹಣ ಕೊಡುವುದು ಸುಲಭವಾಗಿದೆಯೇ ಹೊರತು ದರ ನಿಶ್ಚಿತವಾಗಿಲ್ಲ. ಕಿಬೇರದಂಥ ಕೊಳೆಗೇರಿಗಳಿಂದ ಕೆಲಸಕ್ಕೆ ಹೋಗುವ ಅನೇಕರು ಆ ಕಾಸನ್ನೂ ಉಳಿಸಲು ಮೈಲುಗಟ್ಟಲೆ ನಡೆಯುತ್ತಾರೆ. 2022ರಲ್ಲಿ 27 ಕಿಲೋಮೀಟರ್ ಉದ್ದದ ಎಕ್ಸ್‌ಪ್ರೆಸ್‌ವೇ ತೆರೆಯಿತು. ಅದರ ಸುಂಕ ತೆರಬಲ್ಲ ಕಾರಿನವರು ಹೀಗೆ ನಡೆಯುವವರ ತಲೆಯ ಮೇಲಿಂದ ಸಾಗುತ್ತಾರೆ. ಬಿಎಂಟಿಸಿಯನ್ನು ನಾವು ಎಷ್ಟೇ ಬೈದರೂ, ಮಳೆ ಬಂದಿತೆಂದು ಅಲ್ಲಿನ ಕಂಡಕ್ಟರು ಹೆಚ್ಚು ಹಣ ಕೇಳುವಂತಿಲ್ಲ.