ಆ ಮಗುವಿನ ಧೈರ್ಯ ಮೆಚ್ಚಿದ್ದು ಸಾಕು, ಆ ಬೀದಿಯನ್ನೂ ಸ್ವಲ್ಪ ನೋಡಿ

ಜಪಾನಿನ ಬಗ್ಗೆ ನಮ್ಮ ವಾಟ್ಸಾಪ್ ಗುಂಪುಗಳಿಗೆ ಬರುವ ಸುದ್ದಿಗಳೇ ಒಂದು ಥರ. ರೈಲು 20 ಸೆಕೆಂಡ್ ಮೊದಲೇ ಹೊರಟಿತು ಅಂತ ಕಂಪನಿ ಕ್ಷಮೆ ಕೇಳಿತು. ಐಸ್‌ಕ್ಯಾಂಡಿ ಬೆಲೆ 10 ಯೆನ್ ಏರಿಸಿದ್ದಕ್ಕೆ ಕಂಪನಿಯವರೆಲ್ಲ ಸಾಲಾಗಿ ನಿಂತು ಟಿವಿ ಜಾಹೀರಾತಿನಲ್ಲಿ ತಲೆಬಾಗಿದರು. ಒಬ್ಬಳೇ ಹುಡುಗಿಗಾಗಿ ಒಂದು ರೈಲು ನಿಲ್ದಾಣವನ್ನೇ ಉಳಿಸಿಕೊಂಡರು. ಮೊದಲ ಎರಡೂ ನಿಜ. 2017ರ ನವೆಂಬರ್‌ನಲ್ಲಿ ತ್ಸುಕುಬಾ ಎಕ್ಸ್‌ಪ್ರೆಸ್ 9 ಗಂಟೆ 44 ನಿಮಿಷ 40 ಸೆಕೆಂಡಿಗೆ ಹೊರಡುವ ಬದಲು 20 ಸೆಕೆಂಡ್ ಮೊದಲೇ ಹೊರಟಿತ್ತು. ಗಾರಿಗಾರಿ-ಕುನ್ ಐಸ್‌ಕ್ಯಾಂಡಿ 25 ವರ್ಷ ಒಂದೇ ಬೆಲೆಯಲ್ಲಿದ್ದು, 2016ರಲ್ಲಿ 60ರಿಂದ 70 ಯೆನ್ ಆಗಿತ್ತು. ಮೂರನೆಯದು ಅರ್ಧ ನಿಜ. ಹೊಕ್ಕೈಡೊದ ಕ್ಯೂ-ಶಿರಾತಾಕಿ ನಿಲ್ದಾಣ 2016ರ ಮಾರ್ಚ್‌ನಲ್ಲಿ ಮುಚ್ಚಿತು, ಅಲ್ಲಿಂದ ಒಬ್ಬ ಹುಡುಗಿ ಹೈಸ್ಕೂಲಿಗೆ ಹೋಗುತ್ತಿದ್ದಳು. ಆದರೆ ಅದೇ ರೈಲಿನಲ್ಲಿ ಅಕ್ಕಪಕ್ಕದ ನಿಲ್ದಾಣಗಳ ಬೇರೆ ಮಕ್ಕಳೂ ಇರುತ್ತಿದ್ದರು. ಆ ರೈಲು ಅವಳೊಬ್ಬಳಿಗಾಗಿ ಓಡುತ್ತಿರಲಿಲ್ಲ.

ಇವೆಲ್ಲ ಬರಲಿ, ಹೋಗಲಿ. ನಾನು ಹೇಳಬೇಕು ಅಂದುಕೊಂಡಿರುವುದು ಒಂದು ಟಿವಿ ಕಾರ್ಯಕ್ರಮದ ಬಗ್ಗೆ. ನಮ್ಮ ಜನ ಅದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಿದ್ದಾರೆ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ.

ಅದರ ಹೆಸರು 'ಹಾಜಿಮೆತೆ ನೊ ಒತ್ಸುಕಾಯ್'. ಮಗು ಮೊದಲ ಸಲ ಒಬ್ಬನೇ ಅಂಗಡಿಗೆ ಹೋಗುವ ಕಾರ್ಯಕ್ರಮ. ನಿಪ್ಪಾನ್ ಟಿವಿಯಲ್ಲಿ 1991ರಿಂದ ಬರುತ್ತಿದೆ. 2022ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಮೇಲೆ ಹೊರದೇಶದವರೂ ಬೆರಗಾಗಿ ನೋಡಿದರು. ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಮೊದಲ ಕಂತಿನಲ್ಲಿ ಎರಡು ವರ್ಷ ಒಂಬತ್ತು ತಿಂಗಳ ಹುಡುಗನೊಬ್ಬ ಒಂದು ಕಿಲೋಮೀಟರ್ ದೂರದ ಸೂಪರ್‌ಮಾರ್ಕೆಟ್ಟಿಗೆ ನಡೆದು ಹೋಗುತ್ತಾನೆ. ತರಬೇಕಾದ್ದು ಮೂರು ಸಾಮಾನು: ಹೂವು, ಮೀನಿನ ವಡೆ, ಖಾರ ಕಡಿಮೆ ಇರುವ 'ಕರಿ' (ಸಾರಿನ ಥರದ್ದು) ಪೊಟ್ಟಣ. ದೊಡ್ಡ ರಸ್ತೆ ದಾಟುವಾಗ ಪುಟ್ಟ ಕೈಯಲ್ಲಿ ಹಳದಿ ಬಾವುಟ ಎತ್ತಿ ಹಿಡಿಯುತ್ತಾನೆ, ಗಾಡಿಗಳು ನಿಲ್ಲುತ್ತವೆ. ಕರಿ ಮರೆತದ್ದು ನೆನಪಾಗಿ ಮತ್ತೆ ಅಂಗಡಿಗೆ ಓಡುತ್ತಾನೆ. ಕ್ಯಾಮೆರಾದವರು ದಾರಿಹೋಕರ ವೇಷದಲ್ಲಿ ಸುತ್ತಮುತ್ತ ಇರುತ್ತಾರೆ. ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದನ್ನು ಅಪ್ಪ ಅಮ್ಮ ಮತ್ತು ಕಾರ್ಯಕ್ರಮದವರು ಮೊದಲೇ ನಡೆದು ನೋಡಿರುತ್ತಾರೆ.

ಮೈಸೂರಿನಲ್ಲಿರುವ ನಮ್ಮಕ್ಕ ಇದನ್ನು ನೋಡಿ ಫೋನ್ ಮಾಡಿದಳು. "ನಮ್ಮ ಮಕ್ಕಳನ್ನ ನಾವೇ ಮುದ್ದು ಮಾಡಿ ಹೆದರುಪುಕ್ಕಲು ಮಾಡ್ತಿದ್ದೀವಿ ಕಣೇ. ಆ ಮಕ್ಕಳ ಧೈರ್ಯ ನೋಡು" ಅಂದಳು. ಫೇಸ್‌ಬುಕ್ಕಿನಲ್ಲೂ ಇದೇ ಮಾತು. ಜಪಾನಿಯರ ಸಂಸ್ಕಾರ, ಜಪಾನಿಯರ ಶಿಸ್ತು, ನಮ್ಮಲ್ಲಿ ಅದು ಇಲ್ಲ.

ನಾನು ಇದನ್ನು ಒಪ್ಪುವುದಿಲ್ಲ. ಟೋಕಿಯೊದ ಎದೊಗಾವಾದಲ್ಲಿ ಮಗಳನ್ನು ಇಲ್ಲಿನ ಸರ್ಕಾರಿ ಶಾಲೆಗೆ ಕಳಿಸುತ್ತಿರುವ ತಾಯಿಯಾಗಿ ಹೇಳುತ್ತಿದ್ದೇನೆ. ಮಕ್ಕಳ ಧೈರ್ಯ ಎಲ್ಲ ಕಡೆ ಒಂದೇ. ನಾನು, ನಮ್ಮಕ್ಕ ಇಬ್ಬರೂ ಚಿಕ್ಕವರಿದ್ದಾಗ ಚೀಟಿ ಹಿಡಿದು ಶೆಟ್ಟರ ಅಂಗಡಿಗೆ ಸಕ್ಕರೆ ತರಲು ಓಡಿದವರೇ. ಅವಳ ಮಗನೂ ಓಡಿಯಾನು. ಅವನ ಮನೆ ಮುಂದಿನ ರಸ್ತೆ ಬಿಡಬೇಕಲ್ಲ?

ಜಪಾನಿನ ರಸ್ತೆಗಳೇನು ಹುಟ್ಟಿನಿಂದ ಹೀಗಿರಲಿಲ್ಲ. 1970ರಲ್ಲಿ ಈ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 16,765 ಜನ. ಆಗ ಪತ್ರಿಕೆಗಳು ಅದನ್ನು 'ಸಂಚಾರ ಯುದ್ಧ' ಅಂತಲೇ ಕರೆಯುತ್ತಿದ್ದವು. ಅದೇ ವರ್ಷ ರಸ್ತೆ ಸುರಕ್ಷತೆಗೆ ಹೊಸ ಕಾನೂನು ಬಂತು. ಫುಟ್‌ಪಾತ್, ಕಬ್ಬಿಣದ ಬೇಲಿ, ಸಿಗ್ನಲ್, ಮೇಲ್ಸೇತುವೆ ಅಂತ ವರ್ಷಗಟ್ಟಲೆ ಹಣ ಸುರಿದರು. 2024ರಲ್ಲಿ ಸತ್ತವರು 2,663. ಗಾಡಿಗಳ ಸಂಖ್ಯೆ ಈ ನಡುವೆ ಎಷ್ಟೋ ಪಟ್ಟು ಜಾಸ್ತಿ ಆಗಿದೆ, ಆದರೂ. ಅಂದರೆ ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ ಇಲ್ಲಿನ ತಾಯಂದಿರೂ ನಮ್ಮ ಹಾಗೆಯೇ ಎದೆ ಹಿಡಿದುಕೊಂಡು ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು.

ಇಲ್ಲಿ 'ಮಿದೊರಿ ನೊ ಒಬಾಸಾನ್' ಅಂತ ಇದ್ದರು. ಹಸಿರು ಬಟ್ಟೆಯ ಆಂಟಿ ಅಂದುಕೊಳ್ಳಿ. ಶಾಲೆಗೆ ಹೋಗುವ ಮಕ್ಕಳಿಗೆ ರಸ್ತೆ ದಾಟಿಸುವುದೇ ಅವರ ಕೆಲಸ. ಟೋಕಿಯೊದಲ್ಲಿ 1959ರಲ್ಲಿ ಶುರುವಾಯಿತು. ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಸಾಕುತ್ತಿದ್ದ ಹೆಂಗಸರಿಗೆ ಒಂದು ಕೆಲಸ ಅಂತಲೂ ಆಯಿತು, ಮಕ್ಕಳಿಗೆ ಕಾವಲೂ ಆಯಿತು. ಎಷ್ಟು ಒಳ್ಳೆಯ ಯೋಚನೆ ಅಲ್ವಾ? ಈಗ ಎಷ್ಟೋ ಕಡೆ ಆ ಜಾಗದಲ್ಲಿ ನಿಲ್ಲುವವರು ನಿವೃತ್ತರಾದ ಅಜ್ಜ ಅಜ್ಜಿಯರು ಮತ್ತು ನಮ್ಮಂಥ ಪೋಷಕರು.

ನನ್ನ ಸರದಿ ಹೇಗೆ ಬರುತ್ತದೆ ಹೇಳುತ್ತೇನೆ. ಒಂದು ಬಟ್ಟೆ ಚೀಲ. ಅದರಲ್ಲಿ ಹಳದಿ ಬಾವುಟ, ತೋಳಿಗೆ ಕಟ್ಟುವ ಪಟ್ಟಿ, ಒಂದು ನೋಟ್‌ಬುಕ್. ನನ್ನ ಹಿಂದಿನ ಸರದಿಯವರು ಅದನ್ನು ನಮ್ಮ ಮನೆ ಬಾಗಿಲ ಹಿಡಿಗೆ ನೇತುಹಾಕಿ ಹೋಗುತ್ತಾರೆ. ನೋಟ್‌ಬುಕ್ಕಿನಲ್ಲಿ ಅವತ್ತಿನ ವಿಷಯ ಎರಡು ಸಾಲು ಬರೆದಿರುತ್ತಾರೆ. 'ಮೂಲೆಯ ಬೇಲಿಯ ಗಿಡ ಬೆಳೆದು ಗಾಡಿ ಕಾಣುತ್ತಿಲ್ಲ.' 'ಎರಡನೇ ಕ್ಲಾಸಿನ ಇಬ್ಬರು ಓಡುತ್ತಾ ದಾಟಿದರು, ಹೇಳಿದ್ದೇನೆ.' ಬೆಳಗ್ಗೆ ಎಂಟಕ್ಕೆ ಮೊದಲೇ ಮೂಲೆಯಲ್ಲಿ ನಿಲ್ಲಬೇಕು. ಮೊದಲನೇ ಕ್ಲಾಸಿನ ಮಕ್ಕಳ ಬೆನ್ನಿನ ಬ್ಯಾಗಿಗೆ ಹಳದಿ ಹೊದಿಕೆ ಇರುತ್ತದೆ, ಡ್ರೈವರ್‌ಗೆ ದೂರದಿಂದಲೇ ಗೊತ್ತಾಗಲಿ ಅಂತ. ಬ್ಯಾಗೇ ಮಗುವಿಗಿಂತ ದೊಡ್ಡದು. ಒಬ್ಬ ಹುಡುಗ ದಿನಾ ನನ್ನ ಪಕ್ಕದಲ್ಲೇ ಕೂತು ಫುಟ್‌ಪಾತಿನ ಹುಳ ನೋಡುತ್ತಾನೆ, ನಾಲ್ಕು ಸಲ ಕರೆಯಬೇಕು. ಬಾವುಟ ಅಡ್ಡ ಹಿಡಿದರೆ ಕಾರು ನಿಲ್ಲುತ್ತದೆ. ಮಕ್ಕಳು ದಾಟುತ್ತಾರೆ, ಕೆಲವರು ತಿರುಗಿ ಡ್ರೈವರ್‌ಗೆ ತಲೆಬಾಗುತ್ತಾರೆ. ಎದುರು ಮೂಲೆಯಲ್ಲಿ ಹಸಿರು ಜಾಕೆಟ್ಟಿನ ಒಬ್ಬರು ಅಜ್ಜ ಮಳೆ ಇರಲಿ, ಚಳಿ ಇರಲಿ, ಬಂದೇ ಬರುತ್ತಾರೆ. ಯಾವ ಮಗು ನಿನ್ನೆ ಬಂದಿರಲಿಲ್ಲ ಅನ್ನುವುದೂ ಅವರಿಗೆ ನೆನಪಿರುತ್ತದೆ.

ಇದು ಯಾವ ಕಾರ್ಯಕ್ರಮದಲ್ಲೂ ಕಾಣುವುದಿಲ್ಲ. ಮಗು ಮಾತ್ರ ಕಾಣುತ್ತದೆ.

ಇನ್ನೊಂದು ವಿಷಯ ಕಣ್ಣಿಗೇ ಬೀಳುವುದಿಲ್ಲ, ಯಾಕೆಂದರೆ ಅದು ಅಲ್ಲಿ ಇಲ್ಲ. ಆ ವಿಡಿಯೊಗಳಲ್ಲಿ ಗಲ್ಲಿಗಳನ್ನು ಗಮನಿಸಿ ನೋಡಿ. ರಸ್ತೆ ಬದಿಯಲ್ಲಿ ನಿಲ್ಲಿಸಿದ ಕಾರುಗಳೇ ಇರುವುದಿಲ್ಲ. 1962ರಲ್ಲಿ ಬಂದ ಒಂದು ಕಾನೂನು ಅದಕ್ಕೆ ಕಾರಣ. ಇಲ್ಲಿ ಕಾರು ಕೊಳ್ಳುವ ಮೊದಲು ಅದನ್ನು ಎಲ್ಲಿ ನಿಲ್ಲಿಸುತ್ತೀರಿ ಅಂತ ಪೊಲೀಸರಿಗೆ ತೋರಿಸಬೇಕು. ಜಾಗ ಮನೆಯಿಂದ 2 ಕಿಲೋಮೀಟರ್ ಒಳಗಿರಬೇಕು. ಸ್ವಂತದ್ದಾದರೂ ಸರಿ, ಬಾಡಿಗೆಯದಾದರೂ ಸರಿ. ನಕ್ಷೆ ಬರೆದು ಕೊಡಬೇಕು, ಅವರು ಸರ್ಟಿಫಿಕೇಟ್ ಕೊಟ್ಟ ಮೇಲೆಯೇ ಕಾರು. ಹಳ್ಳಿಗಳ ಕಡೆಯೂ, ತೀರಾ ಸಣ್ಣ ಕಾರುಗಳಿಗೂ ಒಂದಷ್ಟು ವಿನಾಯಿತಿ ಇದೆ. ರಾತ್ರಿ ಹೊತ್ತು ಸತತ ಎಂಟು ತಾಸು ರಸ್ತೆಯಲ್ಲೇ ಕಾರು ಬಿಟ್ಟರೆ ಅಪರಾಧ. ಮೂರಡಿ ಎತ್ತರದ ಮಗು ನಿಂತ ಕಾರಿನ ಮರೆಯಿಂದ ಹೊರಗೆ ಬಂದರೆ ಯಾವ ಡ್ರೈವರ್‌ಗೆ ತಾನೇ ಕಾಣುತ್ತದೆ? ಕಾರೇ ಇಲ್ಲದಿದ್ದರೆ ಮಗು ಬೀದಿಯ ಆ ಕೊನೆಯಿಂದಲೇ ಕಾಣುತ್ತದೆ. ನನ್ನ ಪ್ರಕಾರ ಆ ಕಾರ್ಯಕ್ರಮದ ನಿಜವಾದ ಹೀರೊ ಈ ಕಾನೂನು.

ಅಂಗಡಿ ಹತ್ತಿರ ಇರುವುದೂ ಆಕಸ್ಮಿಕ ಅಲ್ಲ. ಬರೀ ಮನೆಗಳ ಬಡಾವಣೆ ಅಂತ ಗುರುತಿಸಿದ ಕಡೆಯೂ ಮನೆಗೆ ಸೇರಿದಂತೆ ಸಣ್ಣ ಅಂಗಡಿ ಇಟ್ಟುಕೊಳ್ಳಲು ಇಲ್ಲಿನ ನಿಯಮ ಅವಕಾಶ ಕೊಡುತ್ತದೆ. ಅನೇಕ ಶಾಲೆಗಳ ಸುತ್ತಲಿನ ಬೀದಿಗಳಲ್ಲಿ ಬೆಳಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಕಾರುಗಳಿಗೆ ಪ್ರವೇಶವೇ ಇಲ್ಲ. ಅಂಗಡಿ, ಕ್ಲಿನಿಕ್, ಮನೆಗಳ ಮುಂದೆ 'ಮಕ್ಕಳ 110' ಅನ್ನುವ ಸ್ಟಿಕ್ಕರ್ ಇರುತ್ತದೆ. 110 ಇಲ್ಲಿನ ಪೊಲೀಸ್ ನಂಬರ್. ಹೆದರಿಕೆ ಆದ ಮಗು ಆ ಮನೆಗೆ ನುಗ್ಗಬಹುದು. ಸಂಜೆ ಅನೇಕ ಊರುಗಳಲ್ಲಿ ಕಂಬದ ಮೇಲಿನ ಸ್ಪೀಕರ್‌ಗಳಿಂದ ಒಂದು ಹಾಡಿನ ರಾಗ ಕೇಳುತ್ತದೆ. ಅದು ಭೂಕಂಪ, ಪ್ರವಾಹದ ಎಚ್ಚರಿಕೆ ಕೊಡುವ ಸ್ಪೀಕರ್, ಕೆಟ್ಟಿಲ್ಲ ತಾನೇ ಅಂತ ದಿನಾ ಪರೀಕ್ಷೆ ಮಾಡುವುದು. ಮಕ್ಕಳಿಗೆ ಮಾತ್ರ ಅದು ಮನೆಗೆ ಹೊರಡುವ ಗಂಟೆ. ಮಗಳು ಪಾರ್ಕಿನಲ್ಲಿದ್ದರೆ ನಾನು ಫೋನ್ ಮಾಡಬೇಕಾಗಿಯೇ ಇಲ್ಲ.

ಆ ಕಾರ್ಯಕ್ರಮದಲ್ಲಿ ನನಗೆ ಹಿಡಿಸದ್ದೂ ಇದೆ. ಅಳುತ್ತಿರುವ ಎರಡು ವರ್ಷದ ಮಗುವಿನ ಮುಖದ ಮೇಲೆ ಕ್ಯಾಮೆರಾ ಇಟ್ಟು, ಹಿನ್ನೆಲೆಗೆ ಸಂಗೀತ ಹಾಕುವುದು ನನಗೆ ಸರಿ ಅನ್ನಿಸುವುದಿಲ್ಲ. ಆ ಮಗು ಒಪ್ಪಿಗೆ ಕೊಟ್ಟಿಲ್ಲ. ಇಲ್ಲಿನ ಯಾವ ತಾಯಿಯೂ ದಿನನಿತ್ಯ ಎರಡು ವರ್ಷದವರನ್ನು ಒಬ್ಬೊಬ್ಬರನ್ನೇ ಕಳಿಸುವುದಿಲ್ಲ, ಅದು ಟಿವಿಗಾಗಿ. ಆರು ವರ್ಷಕ್ಕೆ ಶಾಲೆ ಸೇರಿದ ಮೇಲೆ ನಡೆದು ಹೋಗುವುದು ಮಾತ್ರ ನಿಜ. ಬಾವುಟ ಹಿಡಿಯುವ ಸರದಿಯ ಭಾರವೂ ಹೆಚ್ಚಾಗಿ ತಾಯಂದಿರ ಮೇಲೆಯೇ ಬೀಳುತ್ತದೆ. ಕೆಲಸಕ್ಕೆ ಹೋಗುವವರಿಗೆ ಅದು ಕಷ್ಟ. ಅಪ್ಪಂದಿರು ಇನ್ನೂ ಜಾಸ್ತಿ ಬರಬೇಕು.

ಇಷ್ಟೆಲ್ಲ ಇದ್ದರೂ ಮಕ್ಕಳು ಸಾಯುತ್ತಾರೆ. 2021ರ ಜೂನ್‌ನಲ್ಲಿ ಚಿಬಾದ ಯಾಚಿಮಾತಾದಲ್ಲಿ ಕುಡಿದ ಲಾರಿ ಡ್ರೈವರ್ ಶಾಲೆ ಮುಗಿಸಿ ಬರುತ್ತಿದ್ದ ಐದು ಮಕ್ಕಳಿಗೆ ಗುದ್ದಿದ. ಇಬ್ಬರು ಹೋದರು. ಆ ರಸ್ತೆಗೆ ಫುಟ್‌ಪಾತ್ ಇರಲಿಲ್ಲ. ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ದೇಶದ ಪ್ರಾಥಮಿಕ ಶಾಲೆಗಳ ದಾರಿಗಳನ್ನೆಲ್ಲ ಶಾಲೆಯವರು, ಪೊಲೀಸರು, ರಸ್ತೆ ಇಲಾಖೆಯವರು ಸೇರಿ ಪರಿಶೀಲಿಸಿದರು. ಸರಿಪಡಿಸಬೇಕಾದ ಜಾಗ ಸುಮಾರು 76 ಸಾವಿರ ಅಂತ ಪಟ್ಟಿ ಮಾಡಿದರು. ಜಪಾನಿನಲ್ಲಿ! ಈಗ ನಡುಗೆರೆ ಇಲ್ಲದ ಸಣ್ಣ ರಸ್ತೆಗಳಿಗೆ ಗಂಟೆಗೆ 60 ಕಿಲೋಮೀಟರ್ ಇದ್ದ ಮಿತಿಯನ್ನು 30ಕ್ಕೆ ಇಳಿಸುವ ನಿಯಮ ಆಗಿದೆ. 2026ರ ಸೆಪ್ಟೆಂಬರ್ 1ರಿಂದ ಜಾರಿ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. "ನಮ್ಮಲ್ಲಿ ಇದೆಲ್ಲ ಆಗೋ ಮಾತಾ" ಅಂದಳು. ಕಾರಿನ ಕಾನೂನು ನಾಳೆಯೇ ಬರುವುದಿಲ್ಲ, ಗೊತ್ತು. ಆದರೆ ಶಾಲೆ ಮುಂದಿನ ಒಂದು ಬೀದಿಗೆ ಬೆಳಗ್ಗೆ ಅರ್ಧ ಗಂಟೆ ಗಾಡಿ ಬಿಡದಿರುವುದಕ್ಕೆ ಎರಡು ಬ್ಯಾರಿಕೇಡ್ ಸಾಕು, ನಿಲ್ಲಲು ಇಬ್ಬರು ಜನ ಸಾಕು. ಅವಳ ಮಗನ ಶಾಲೆಯಲ್ಲಿ ಮುಂದಿನ ಪೋಷಕರ ಸಭೆಯಲ್ಲಿ ಇದನ್ನು ಕೇಳುತ್ತೇನೆ ಅಂದಿದ್ದಾಳೆ. ನಿಮ್ಮೂರಿನಲ್ಲಿ ಯಾವುದಾದರೂ ಶಾಲೆ ಹೀಗೆ ಮಾಡಿದ್ದರೆ, ಯಾರಿಗೆ ಅರ್ಜಿ ಕೊಟ್ಟರು, ಪೊಲೀಸರು ಏನಂದರು, ದಯವಿಟ್ಟು ಬರೆದು ತಿಳಿಸಿ. ಅವಳಿಗೆ ಕಳಿಸುತ್ತೇನೆ.